ಕಣಸಂಘಟ್ಟನೆಯಲ್ಲಿ ನೂತನತತ್ತ್ವಾನ್ವೇಷಣೆ: ಒಂದು ಪ್ರಮಾಣವಿಮರ್ಶೆ

ಸಂಸ್ಕೃತ ಪಾಠಶಾಲೆಯಲ್ಲಿ ತರ್ಕವೇದಾಂತಗಳನ್ನು ಓದಿ, ಅವನ್ನೇ ಪಾಠ ಹೇಳಿಕೊಂಡು ಬಂದವನೊಬ್ಬನು ಭೌತವಿಜ್ಞಾನದ ವಿಷಯವಾಗಿ ಲೇಖನವನ್ನು ಬರೆಯಹೊರಟರೆ, ಅಧಿಕಾರವಿಚಾರವನ್ನು ಮೊದಲು ಮಾಡುವುದು ಯುಕ್ತ. ಕಣಗಳ ಗಣಿತದಲ್ಲಿ ನನಗೆ ಅಧಿಕಾರವಿಲ್ಲ. ಬಲ್ಲವರು ಪ್ರಕಟಿಸಿರುವ ಬರಹಗಳಿಂದ ತಿಳಿದಷ್ಟನ್ನೇ ಇಲ್ಲಿ ಅನುವದಿಸುತ್ತೇನೆ. ಆದರೆ ಇಂಥ ಹೇತುವಿನಿಂದ ಇಂಥ ಸಾಧ್ಯವು ಸಿದ್ಧವಾಯಿತೆಂದು ಯಾರೇ ಹೇಳಲಿ, ಆ ಹೇತುವು ಸದ್ಧೇತುವೋ ಹೇತ್ವಾಭಾಸವೋ ಎಂದು ಪರೀಕ್ಷಿಸುವುದು ತರ್ಕವನ್ನು ಓದಿದವನ ಕೆಲಸ. ಅಷ್ಟು ಮಾತ್ರದಲ್ಲಿ ನನಗೆ ಅಧಿಕಾರವುಂಟೆಂದು ಭಾವಿಸಿದ್ದೇನೆ. ನಮ್ಮ ಪೂರ್ವಿಕರಿಗೆ ಈ ವಿಜ್ಞಾನವೆಲ್ಲ ತಿಳಿದಿತ್ತೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಅವರಿಗೆ ಇದು ತಿಳಿದಿರಲಿಲ್ಲ. ಅವರಿಗೆ ತಿಳಿದಿದ್ದುದು ಮನುಷ್ಯನು ಅನುಮಾನ ಮಾಡುವಾಗ ಯಾವ ಯಾವ ಬಗೆಯಲ್ಲಿ ಜಾರುತ್ತಾನೆಂಬುದು. ಜಾರುವ ಬಗೆಗಳು ಮಾತ್ರ ಇನ್ನೂ ಬದಲಾಗಿಲ್ಲ.

ಈ ವಿಚಾರದಲ್ಲಿ ನನ್ನನ್ನು ತೊಡಗಿಸಿದುದು ನನ್ನದೇ ಒಂದು ತಪ್ಪು. ೨೦೧೬ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ, ವೃತ್ತಪತ್ರಿಕೆಯನ್ನು ಓದಿ, ‘ಜಿನೀವಾದಲ್ಲಿ ಯಾರೂ ಊಹಿಸದಿದ್ದ ಹೊಸ ಕಣವೊಂದು ಸಿಕ್ಕಿತಂತೆ’ ಎಂದು ತರಗತಿಯಲ್ಲಿ ಉತ್ಸಾಹದಿಂದ ಹೇಳಿದೆನು. ಆಗಸ್ಟಿನಲ್ಲಿ ಅದು ಇಲ್ಲವೆಂದಾಯಿತು. ಒಬ್ಬ ವಿದ್ಯಾರ್ಥಿಯು, ‘ಗುರುಗಳೇ, ಅದು ಯಾವ ಹೇತ್ವಾಭಾಸ?’ ಎಂದು ಕೇಳಿದನು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೇ ಈ ಲೇಖನ.

ಮೊದಲು ವಿಷಯಸ್ವರೂಪ. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಎಲ್ಲೆಯಲ್ಲಿ, ಜಿನೀವಾ ನಗರದ ಬಳಿ, ಸೆರ್ನ್ ಎಂಬ ಸಂಸ್ಥೆಯವರು ನೆಲದಡಿಯಲ್ಲಿ ಸುಮಾರು ೨೭ ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಲಾರ್ಜ್ ಹೇಡ್ರಾನ್ ಕೊಲೈಡರ್ ಎಂಬ ಯಂತ್ರವನ್ನು ನಿರ್ಮಿಸಿದ್ದಾರೆ. ಅದರಲ್ಲಿ ಪ್ರೋಟಾನುಗಳ ಗುಚ್ಛಗಳು ಎದುರುಬದುರಾಗಿ ಬಂದು ಸೆಕೆಂಡಿಗೆ ಸುಮಾರು ೪ ಕೋಟಿ ಸಲ ಒಂದನ್ನೊಂದು ಹಾಯುವುವು. ಸಂಘಟ್ಟನೆಯಾದೆಡೆಯಲ್ಲಿ ಅಟ್ಲಾಸ್, ಸಿ.ಎಂ.ಎಸ್., ಎಲ್.ಎಚ್.ಸಿ.ಬಿ. ಮೊದಲಾದ ಮಹಾಶೋಧಕಗಳು ಸಿಡಿದ ಚೂರುಗಳನ್ನು ದಾಖಲೆ ಮಾಡುವುವು. ಅನ್ವೇಷಣೀಯವಾದ ಕಣವು ಬಹುಪಾಲು ಹುಟ್ಟಿದೊಡನೆಯೇ ಒಡೆದುಹೋಗುವುದರಿಂದ ಅದನ್ನು ಯಾರೂ ಪ್ರತ್ಯಕ್ಷವಾಗಿ ಕಾಣುವುದಿಲ್ಲ. ಚೂರುಗಳ ಶಕ್ತಿಯನ್ನೂ ದಿಕ್ಕನ್ನೂ ಅಳೆದು, ಅವುಗಳ ಮೂಲಕ್ಕೆ ಇಷ್ಟು ದ್ರವ್ಯರಾಶಿ ಇದ್ದಿರಬೇಕೆಂದು ಲೆಕ್ಕಹಾಕಿ, ಅಂಥ ಲಕ್ಷಾಂತರ ಲೆಕ್ಕಗಳನ್ನು ಒಂದು ರೇಖೆಯ ಮೇಲೆ ಇಟ್ಟು ನೋಡುತ್ತಾರೆ. ಈಗ ಅಂಗೀಕೃತವಾದ ಸ್ಟ್ಯಾಂಡರ್ಡ್ ಮಾಡೆಲ್ ಎಂಬ ಸಿದ್ಧಾಂತದ ಪ್ರಕಾರ ಬರಬೇಕಾದ ಸಾಮಾನ್ಯ ಘಟನೆಗಳು ಆ ರೇಖೆಯಲ್ಲಿ ಇಳಿಜಾರಾಗಿ ಹರಡಿರುವುವು. ಎಲ್ಲಿಯಾದರೂ ಒಂದು ದಿಬ್ಬ ಎದ್ದರೆ, ಅಲ್ಲಿ ಹೊಸತೊಂದು ಇರಬಹುದೆಂದು ಊಹೆ. ದಿಬ್ಬವು ಹೊಗೆ, ಹೊಸ ಕಣವು ಬೆಂಕಿ. ಪರ್ವತದ ಮೇಲಣ ಹೊಗೆಯಿಂದ ಬೆಂಕಿಯನ್ನು ಊಹಿಸುವ ಪುರಾತನ ಉದಾಹರಣೆಗೂ ಇದಕ್ಕೂ ಆಕಾರದಲ್ಲಿ ಭೇದವಿಲ್ಲ.

ಭೇದವಿರುವುದು ಬೇರೆಡೆಯಲ್ಲಿ. ಬೆಂಕಿಯಿಲ್ಲದೆ ಹೊಗೆಯೇಳದು, ಕಣವಿಲ್ಲದೆಯೂ ದಿಬ್ಬವೇಳಬಹುದು. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಎಂಟು ಸಲ ಒಂದೇ ಮುಖ ಬೀಳುವಂತೆ, ಸಾಮಾನ್ಯ ಘಟನೆಗಳೇ ಆಕಸ್ಮಿಕವಾಗಿ ಒಂದೆಡೆ ಗುಂಪಾಗಬಹುದು. ಈ ಆಕಸ್ಮಿಕದ ಸಂಭವವನ್ನು ಸಂಖ್ಯಾಶಾಸ್ತ್ರಜ್ಞರು ಸಿಗ್ಮಾ ಎಂಬ ಮಾನದಿಂದ ಅಳೆಯುತ್ತಾರೆ. ೩ ಸಿಗ್ಮಾ ಎಂದರೆ, ಹೊಸತೇನೂ ಇಲ್ಲದಿದ್ದರೂ ಅಷ್ಟು ದೊಡ್ಡ ದಿಬ್ಬವೇಳುವ ಸಂಭವವು ಸುಮಾರು ೭೪೦ರಲ್ಲಿ ಒಂದು. ೫ ಸಿಗ್ಮಾ ಎಂದರೆ ಸುಮಾರು ೩೫ ಲಕ್ಷದಲ್ಲಿ ಒಂದು. ಐದನ್ನು ಮುಟ್ಟಿದರೆ ‘ಆವಿಷ್ಕಾರ’ವೆಂದು ಕರೆಯುವುದು ಆ ಶಾಸ್ತ್ರದವರ ಸಮಯ. ‘ಹೊಸ ಕಣವು ಸುಳ್ಳಾಗಿರುವ ಸಂಭವ ೩೫ ಲಕ್ಷದಲ್ಲಿ ಒಂದು’ ಎಂದು ಪತ್ರಿಕೆಗಳಲ್ಲಿ ಬರೆಯುವುದು ಅರ್ಥವಿಪರ್ಯಾಸ. ಹೊಸತು ಇಲ್ಲವೆಂದು ಊಹಿಸಿಕೊಂಡು ದಿಬ್ಬದ ಸಂಭವವನ್ನು ಹೇಳುವುದು ಬೇರೆ; ದಿಬ್ಬವನ್ನು ಕಂಡಮೇಲೆ ಹೊಸತು ಇಲ್ಲದಿರುವ ಸಂಭವವನ್ನು ಹೇಳುವುದು ಬೇರೆ. ಮೊದಲನೆಯದರಿಂದ ಎರಡನೆಯದು ತಾನಾಗಿ ಬರುವುದಿಲ್ಲ.

ಸದ್ಧೇತುವಿಗೆ ಉದಾಹರಣೆಯನ್ನು ಮೊದಲು ನೋಡೋಣ. ೨೦೧೨ನೆಯ ಇಸವಿ ಜುಲೈ ೪ರಂದು ಅಟ್ಲಾಸ್ ಮತ್ತು ಸಿ.ಎಂ.ಎಸ್. ತಂಡಗಳೆರಡೂ ಸುಮಾರು ೧೨೫ ಗಿಗಾ ಎಲೆಕ್ಟ್ರಾನ್‌ವೋಲ್ಟಿನೆಡೆಯಲ್ಲಿ, ಸುಮಾರು ೫ ಸಿಗ್ಮಾ ಬಲದ ಹೊಸ ಕಣವನ್ನು ಪ್ರಕಟಿಸಿದುವು. ಅದೇ ಹಿಗ್ಸ್ ಬೋಸಾನ್. ಅದರ ಕಲ್ಪನೆಯು ೧೯೬೪ರಷ್ಟು ಹಿಂದಿನದು. ಅದು ಹೇಗೆ ಒಡೆಯಬೇಕೆಂಬುದನ್ನು ಸಿದ್ಧಾಂತವು ಮೊದಲೇ ಹೇಳಿತ್ತು. ಎರಡು ಫೋಟಾನುಗಳಾಗಿ ಒಡೆದುದೂ, ನಾಲ್ಕು ಲೆಪ್ಟಾನುಗಳಾಗಿ ಒಡೆದುದೂ ಒಂದೇ ದ್ರವ್ಯರಾಶಿಯನ್ನು ತೋರಿದುವು. ಎರಡು ತಂಡಗಳು ಬೇರೆಬೇರೆ ಶೋಧಕಗಳಿಂದ ಅದನ್ನೇ ಕಂಡುವು. ೨೦೧೮ರಲ್ಲಿ ಅದು ಬಾಟಮ್ ಕ್ವಾರ್ಕುಗಳಾಗಿ ಒಡೆಯುವುದೂ ದೃಢಪಟ್ಟಿತು. ಇಲ್ಲಿ ನಿರ್ಣಯಕ್ಕೆ ಆಧಾರವಾದುದು ಐದೆಂಬ ಸಂಖ್ಯೆಯೊಂದೇ ಅಲ್ಲ. ಪೂರ್ವನಿರ್ದಿಷ್ಟವಾದ ಸಾಧ್ಯ, ಭಿನ್ನಮಾರ್ಗಗಳ ಸಂವಾದ, ಕಾಲಾಂತರದಲ್ಲಿ ಬಂದ ಪುನರ್ದರ್ಶನ: ಈ ಮೂರೂ ಸಂಖ್ಯೆಯ ಜೊತೆಗಿದ್ದುವು. ಇವು ಇಲ್ಲದೆ ಸಂಖ್ಯೆ ಮಾತ್ರ ಇದ್ದಲ್ಲಿ ಏನಾಗುವುದೆಂಬುದಕ್ಕೆ ಮೂರು ಉದಾಹರಣೆಗಳನ್ನು ಕೊಡುತ್ತೇನೆ. ಮೂರೂ ಮೂರು ಬೇರೆ ದೋಷಗಳಿಗೆ ಲಕ್ಷ್ಯ.

ಮೊದಲನೆಯದು ನನ್ನನ್ನು ಜಾರಿಸಿದ್ದು. ೨೦೧೫ನೆಯ ಇಸವಿ ಡಿಸೆಂಬರ್ ೧೫ರಂದು ಅದೇ ಎರಡು ತಂಡಗಳು, ಫೋಟಾನುಗಳ ಜೋಡಿಯಲ್ಲಿ ಸುಮಾರು ೭೫೦ ಗಿಗಾ ಎಲೆಕ್ಟ್ರಾನ್‌ವೋಲ್ಟಿನ ಬಳಿ ಒಂದು ದಿಬ್ಬವನ್ನು ತೋರಿಸಿದುವು. ಅಟ್ಲಾಸಿನವರ ಲೆಕ್ಕದಲ್ಲಿ ಆ ಒಂದೆಡೆಯನ್ನೇ ನೋಡಿದರೆ ಅದರ ಬಲ ೩.೬ ಸಿಗ್ಮಾ, ಸಿ.ಎಂ.ಎಸ್.ನವರದು ೨.೬. ಆದರೆ ಆ ತಂಡಗಳು ಅದೇ ದಿನ ಇನ್ನೊಂದು ಸಂಖ್ಯೆಯನ್ನೂ ಹೇಳಿದ್ದುವು. ರೇಖೆಯ ಮೇಲೆ ನೋಡಿದ ಎಡೆಗಳೆಲ್ಲವನ್ನೂ ಗಣನೆಗೆ ತಂದುಕೊಂಡರೆ ೩.೬ ಎಂಬುದು ೨ಕ್ಕೆ ಇಳಿಯುವುದು, ೨.೬ ಎಂಬುದು ಸುಮಾರು ೧.೨ಕ್ಕೆ ಇಳಿಯುವುದು. ಆರು ಸಾವಿರದಲ್ಲಿ ಒಂದರಷ್ಟು ಅಪೂರ್ವವೆಂದು ತೋರಿದ್ದು ನಲವತ್ತನಾಲ್ಕರಲ್ಲಿ ಒಂದರಷ್ಟು ಸುಲಭವಾಯಿತು. ಇಂಥವನಿಗೆ ಲಾಟರಿ ಹೊಡೆಯುವುದು ಅಪೂರ್ವ. ಯಾರಿಗಾದರೂ ಒಬ್ಬನಿಗೆ ಹೊಡೆಯುವುದು ಅಪೂರ್ವವಲ್ಲ.

ನಮ್ಮಲ್ಲಿ ಇದಕ್ಕೆ ಘುಣಾಕ್ಷರನ್ಯಾಯವೆಂದು ಹೆಸರು. ಮರವನ್ನು ಕೊರೆಯುವ ಹುಳುವಿನ ಜಾಡಿನಲ್ಲಿ ಎಲ್ಲಿಯೋ ಒಂದು ‘ಕ’ಕಾರ ಮೂಡಿದ ಹಾಗೆ ಕಾಣುವುದು. ಇದೊಂದೇ ಅಕ್ಷರವನ್ನು ನೋಡಿದವನು ಹುಳುವು ಲಿಪಿಜ್ಞವೆಂದು ಬೆರಗಾಗುತ್ತಾನೆ. ಇಡೀ ಹಲಗೆಯನ್ನು ನೋಡಿದವನು ನಗುತ್ತಾನೆ. ಈ ಪತ್ರಿಕೆಯ ವಾಚಕರಿಗೆ ಈ ದೋಷವು ಅಪರಿಚಿತವಲ್ಲ. ಯಾವನಾದರೊಬ್ಬ ಕವಿಯ ಕಾಲವನ್ನು ನಿರ್ಣಯಿಸಬೇಕೆಂದು ಹೊರಟವನು ನೂರಾರು ಶಾಸನಗಳನ್ನು ತಡಕುತ್ತಾನೆ. ಒಂದರಲ್ಲಿ ಆ ಹೆಸರನ್ನೇ ಹೋಲುವ ಹೆಸರು ಸಿಕ್ಕುವುದು. ‘ಇಂಥ ಸಾಮ್ಯವು ಆಕಸ್ಮಿಕವಾಗಿರಲಾರದು’ ಎಂದು ಆತನು ಬರೆಯುತ್ತಾನೆ. ಆ ಒಂದೇ ಶಾಸನವನ್ನು ನೋಡಿದ್ದರೆ ಆ ಮಾತು ಸರಿ. ಎಷ್ಟನ್ನು ನೋಡಿ ಬಿಟ್ಟೆನೆಂಬುದನ್ನು ಹೇಳದೆ ಸಿಕ್ಕಿದುದನ್ನು ಮಾತ್ರ ಹೇಳುವವನ ಹೇತುವು ಸವ್ಯಭಿಚಾರ. ಸಾಧ್ಯವಿಲ್ಲದೆಡೆಯಲ್ಲಿಯೂ ಅಂಥ ಚಿಹ್ನೆ ದೊರೆಯುವುದು. ಕಣಶಾಸ್ತ್ರದವರು ತಾವು ನೋಡಿದ ಎಡೆಗಳನ್ನು ಎಣಿಸಿ ಹೇಳುತ್ತಾರೆ. ನಮ್ಮ ಸಂಶೋಧಕರಲ್ಲಿ ಈ ಪದ್ಧತಿ ಇನ್ನೂ ಬಂದಿಲ್ಲವೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ.

ಮುಂದೆ ನಡೆದುದು ಸುವಿದಿತ. ಮೊದಲಿನದರ ಹಲವು ಪಟ್ಟು ದತ್ತಾಂಶವು ಕೂಡಿದಮೇಲೆ, ೨೦೧೬ನೆಯ ಇಸವಿ ಆಗಸ್ಟಿನಲ್ಲಿ ಷಿಕಾಗೋ ನಗರದ ಸಮ್ಮೇಳನದಲ್ಲಿ, ದಿಬ್ಬವು ಕರಗಿತೆಂದು ಎರಡು ತಂಡಗಳೂ ಹೇಳಿದುವು. ಅಷ್ಟರಲ್ಲಿ ಆ ಇಲ್ಲದ ಕಣದ ಸ್ವರೂಪವನ್ನು ವಿವರಿಸುವ ಸುಮಾರು ೫೦೦ ಲೇಖನಗಳು ಸಿದ್ಧಾಂತಿಗಳಿಂದ ಹೊರಬಿದ್ದಿದ್ದುವು. ಇಲ್ಲಿ ಪೂರ್ವಪಕ್ಷವನ್ನು ಬಲವಾಗಿಯೇ ಹೇಳಬೇಕು. ಎರಡು ಬೇರೆ ಶೋಧಕಗಳು ಹತ್ತಿರ ಹತ್ತಿರ ಒಂದೇ ಎಡೆಯನ್ನು ತೋರಿದುವಲ್ಲ. ಅದನ್ನು ಅಲಕ್ಷ್ಯ ಮಾಡಬಹುದೆ? ಸಿದ್ಧಾಂತಿಯು ಮುಂದಾಗಿ ಯೋಚಿಸಿಟ್ಟುಕೊಳ್ಳುವುದು ದೋಷವೆ? ದೋಷವಲ್ಲ. ಆದರೆ ಗೌತಮನ ಷೋಡಶಪದಾರ್ಥಗಳಲ್ಲಿ ಸಂಶಯವೂ ನಿರ್ಣಯವೂ ಬೇರೆಬೇರೆ. ಸಂಶಯವು ವಿಚಾರಕ್ಕೆ ಪ್ರೇರಕ. ಅದರಿಂದ ಇನ್ನಷ್ಟು ನೋಡಬೇಕೆಂಬುದು ಬರುವುದು, ಇದೆಯೆಂಬುದು ಬರುವುದಿಲ್ಲ. ತಂಡಗಳು ಸಂಶಯವೆಂದೇ ಹೇಳಿದುದನ್ನು ಹೊರಗಿನವರು ನಿರ್ಣಯವೆಂದು ಕೇಳಿಸಿಕೊಂಡರು. ಹಾಗೆ ಕೇಳಿಸಿಕೊಂಡವರಲ್ಲಿ ನಾನೂ ಒಬ್ಬ.

ಎರಡನೆಯ ಉದಾಹರಣೆ ಎಲ್.ಎಚ್.ಸಿ.ಬಿ. ತಂಡದ್ದು. ಬಿ-ಮೆಸಾನ್ ಎಂಬ ಕಣವು ಕೇಯಾನ್ ಒಂದರೊಡನೆ ಮ್ಯುಆನುಗಳ ಜೋಡಿಯಾಗಿಯೋ ಎಲೆಕ್ಟ್ರಾನುಗಳ ಜೋಡಿಯಾಗಿಯೋ ಒಡೆಯುವುದು. ಈ ಎರಡರ ಪ್ರಮಾಣವು ಸರಿಸುಮಾರು ಸಮವಾಗಿರಬೇಕು. ಅನುಪಾತವು ೧ ಎಂದು ಅಂಗೀಕೃತ ಸಿದ್ಧಾಂತ. ೨೦೨೧ನೆಯ ಇಸವಿ ಮಾರ್ಚಿಯಲ್ಲಿ ಈ ತಂಡವು ಅನುಪಾತವು ೦.೮೪೬ ಎಂದೂ, ವ್ಯತ್ಯಾಸದ ಬಲ ೩.೧ ಸಿಗ್ಮಾ ಎಂದೂ ಪ್ರಕಟಿಸಿತು. ಇಲ್ಲಿ ಘುಣಾಕ್ಷರದ ಶಂಕೆಯು ಅಷ್ಟಾಗಿ ಇರಲಿಲ್ಲ. ನೋಡಬೇಕಾದ ಎಡೆ ಮೊದಲೇ ಗೊತ್ತಾಗಿತ್ತು. ೨೦೨೨ನೆಯ ಇಸವಿ ಡಿಸೆಂಬರಿನಲ್ಲಿ ಅದೇ ತಂಡವು ಪುನಃ ಪರಿಶೀಲಿಸಿ, ಎಲೆಕ್ಟ್ರಾನುಗಳೆಂದು ಎಣಿಸಿದವುಗಳಲ್ಲಿ ಕೆಲವು ಎಲೆಕ್ಟ್ರಾನುಗಳೇ ಅಲ್ಲ, ವೇಷ ಮರೆಸಿ ಬಂದ ಹೇಡ್ರಾನುಗಳೆಂದು ಕಂಡುಕೊಂಡಿತು. ಅವನ್ನು ಕಳೆದಮೇಲೆ ಅನುಪಾತವು ಒಂದಕ್ಕೆ ಹೊಂದಿಕೊಂಡಿತು.

ಇದು ಅಸಿದ್ಧವೆಂಬ ಹೇತ್ವಾಭಾಸ. ಬೆಟ್ಟದ ಮೇಲೆ ಹೊಗೆಯಿದ್ದರೆ ಬೆಂಕಿಯಿರುವುದೆಂಬ ವ್ಯಾಪ್ತಿಯಲ್ಲಿ ದೋಷವಿಲ್ಲ. ಕಂಡುದು ಹೊಗೆಯಲ್ಲ, ಹಬೆ. ಈ ದೋಷವನ್ನು ಸಿಗ್ಮಾಸಂಖ್ಯೆಯು ಹಿಡಿಯಲಾರದು. ಹಬೆಯನ್ನು ಹೊಗೆಯೆಂದು ಬಗೆದವನು ಹೆಚ್ಚು ಹಬೆಯನ್ನು ನೋಡಿದಷ್ಟೂ ಹೆಚ್ಚು ದೃಢವಾಗಿ ತಪ್ಪುವನು. ದತ್ತಾಂಶವು ಹೆಚ್ಚಿದರೆ ಆಕಸ್ಮಿಕವು ಕರಗುವುದು, ಭ್ರಮೆಯು ಕರಗುವುದಿಲ್ಲ. ಈ ತಂಡವು ತನ್ನ ಕೀರ್ತಿಗೆ ಕಾರಣವಾದ ಫಲವನ್ನು ತಾನೇ ಕೆದಕಿ ತಾನೇ ಹಿಂದೆಗೆದುಕೊಂಡಿತೆಂಬುದು ಸ್ಮರಣೀಯ. ವಾದದಲ್ಲಿ ಪ್ರತಿವಾದಿಯು ತೋರಿಸಬೇಕಾದ ದೋಷವನ್ನು ವಾದಿಯೇ ತೋರಿಸಿದುದು ಜಯಕ್ಕಿಂತ ದೊಡ್ಡದು.

ಮೂರನೆಯದು ಅತ್ಯಂತ ವಿಚಾರಾರ್ಹ. ಅಮೆರಿಕಾ ದೇಶದಲ್ಲಿ ಷಿಕಾಗೋ ಬಳಿಯ ಫರ್ಮಿಲ್ಯಾಬಿನಲ್ಲಿ ಟೆವಟ್ರಾನ್ ಎಂಬ ಕೊಲೈಡರ್ ೨೦೧೧ರವರೆಗೆ ನಡೆಯಿತು. ಅದರ ಸಿ.ಡಿ.ಎಫ್. ಎಂಬ ತಂಡವು ಯಂತ್ರವು ನಿಂತು ಹತ್ತು ವರ್ಷಗಳಾದಮೇಲೆ, ೨೦೨೨ನೆಯ ಇಸವಿ ಏಪ್ರಿಲಿನಲ್ಲಿ, ಡಬ್ಲ್ಯು-ಬೋಸಾನ್ ಕಣದ ದ್ರವ್ಯರಾಶಿಯನ್ನು ೮೦,೪೩೩.೫ ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಂದು ಪ್ರಕಟಿಸಿತು, ಹೆಚ್ಚುಕಡಮೆ ೯.೪. ಸಿದ್ಧಾಂತವು ಹೇಳುವುದು ಸುಮಾರು ೮೦,೩೫೭. ಅಂತರದ ಬಲ ೭ ಸಿಗ್ಮಾ. ಐದನ್ನು ಮುಟ್ಟಿದರೆ ಆವಿಷ್ಕಾರವೆಂಬ ಸಮಯವೇ ಪ್ರಮಾಣವಾಗಿದ್ದರೆ ಅಂದೇ ಹೊಸ ಭೌತತತ್ತ್ವವು ಸಿದ್ಧವಾಗಬೇಕಾಗಿತ್ತು. ಆಗಲಿಲ್ಲ. ೨೦೨೪ನೆಯ ಇಸವಿ ಸೆಪ್ಟೆಂಬರಿನಲ್ಲಿ ಸಿ.ಎಂ.ಎಸ್. ತಂಡವು ಅದೇ ದ್ರವ್ಯರಾಶಿಯನ್ನು ೮೦,೩೬೦.೨ ಎಂದು ಅಳೆಯಿತು, ಹೆಚ್ಚುಕಡಮೆ ೯.೯. ಅಟ್ಲಾಸಿನ ಅಳತೆಯೂ ಸಿದ್ಧಾಂತದ ಕಡೆಗೇ ಇದೆ. ಸುಮಾರು ಸಮಾನಸೂಕ್ಷ್ಮತೆಯುಳ್ಳ ಎರಡು ಅಳತೆಗಳು ವಿರುದ್ಧವಾದುದನ್ನು ಸಾಧಿಸುತ್ತಿವೆ. ಇದಕ್ಕೆ ಸತ್ಪ್ರತಿಪಕ್ಷವೆಂದು ಹೆಸರು. ಒಂದರ ಬಲವನ್ನು ಇನ್ನೊಂದು ತಡೆಯುವುದು. ಎಲ್ಲಿ ದೋಷವಿದೆಯೆಂದು ಕಾಣುವವರೆಗೆ ನಿರ್ಣಯವು ಹುಟ್ಟದು. ಬಹುಮತದಿಂದ ಸಿ.ಡಿ.ಎಫ್. ತಪ್ಪಿದೆಯೆಂದು ಹೇಳಬಹುದು, ಹೇಳುತ್ತಲೂ ಇದ್ದಾರೆ. ಆದರೆ ತಪ್ಪನ್ನು ತೋರಿಸದೆ ತಪ್ಪೆನ್ನುವುದು ಖಂಡನವಲ್ಲ. ಎಲ್.ಎಚ್.ಸಿ.ಬಿ.ಯವರು ಹೇಡ್ರಾನುಗಳನ್ನು ಬೆರಳಿಟ್ಟು ತೋರಿಸಿದರು. ಇಲ್ಲಿ ಅಂಥದೊಂದನ್ನು ಇನ್ನೂ ಯಾರೂ ತೋರಿಸಿಲ್ಲ.

ಈ ಮೂರರಿಂದ ನಿಷ್ಪನ್ನವಾಗುವ ಅರ್ಥವಿದು. ಸಿಗ್ಮಾಸಂಖ್ಯೆಯು ಒಂದೇ ಒಂದು ಶಂಕೆಯನ್ನು ನಿವಾರಿಸುವುದು: ಇದು ಆಕಸ್ಮಿಕವೇ ಎಂಬ ಶಂಕೆಯನ್ನು. ಅದನ್ನೂ, ಎಷ್ಟೆಡೆ ನೋಡಿದೆವೆಂಬುದನ್ನು ಪ್ರಾಮಾಣಿಕವಾಗಿ ಎಣಿಸಿದಾಗ ಮಾತ್ರ. ಕಂಡುದು ಹೊಗೆಯೇ ಎಂಬ ಶಂಕೆಯನ್ನೂ, ಪ್ರತಿಹೇತುವಿದೆಯೇ ಎಂಬ ಶಂಕೆಯನ್ನೂ ಅದು ಮುಟ್ಟುವುದಿಲ್ಲ. ಅಳತೆಗಾರರು ತಮ್ಮ ಉಪಕರಣಗಳ ಸಂಭಾವ್ಯದೋಷವನ್ನೂ ಸಿಗ್ಮಾದೊಳಗೆ ಸೇರಿಸುತ್ತಾರೆಂಬುದು ನಿಜ. ಆದರೆ ಸೇರಿಸಬಹುದಾದದ್ದು ಊಹಿಸಿದ ದೋಷವನ್ನು ಮಾತ್ರ, ಊಹಿಸದಿದ್ದುದನ್ನಲ್ಲ.

ಇನ್ನು ಇನ್ನೊಂದು ಪಕ್ಷವನ್ನು ನೋಡಬೇಕು. ಹಿಗ್ಸ್ ಬೋಸಾನಿನ ಆನಂತರ ಈ ಯಂತ್ರದಲ್ಲಿ ಅಂಗೀಕೃತಸಿದ್ಧಾಂತವನ್ನು ಮೀರಿದ ಕಣವೊಂದೂ ಸಿದ್ಧವಾಗಿಲ್ಲ. ಆದುದರಿಂದ ಇದು ವ್ಯರ್ಥಪ್ರಯಾಸವೆಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪವು ಅಭಾವಜ್ಞಾನವನ್ನು ಜ್ಞಾನವೆಂದೇ ಎಣಿಸದವರದು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದೇ ಒಪ್ಪಿದ್ದಾರೆ. ನೈಯಾಯಿಕರು ಅದನ್ನು ಪ್ರತ್ಯಕ್ಷದ ಸಹಕಾರಿಯೆಂದು ಹೇಳಿದರೂ, ಅಭಾವವು ತಿಳಿಯತಕ್ಕದ್ದೆಂಬುದರಲ್ಲಿ ಇವರಲ್ಲಿ ವಿವಾದವಿಲ್ಲ. ಆದರೆ ಒಂದು ನಿಯಮವುಂಟು: ಅನುಪಲಬ್ಧಿಯು ಯೋಗ್ಯವಾಗಿರಬೇಕು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ, ಇದ್ದಿದ್ದರೆ ಕಾಣುತ್ತಿತ್ತು. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಪಿಶಾಚವು ಕಾಣಲು ಯೋಗ್ಯವೇ ಅಲ್ಲವಾದುದರಿಂದ, ಕಾಣದೆಂಬುದರಿಂದ ಅದಿಲ್ಲವೆಂದಾಗದು.

‘ಇದ್ದಿದ್ದರೆ ಕಾಣುತ್ತಿತ್ತು’ ಎಂಬ ಈ ತರ್ಕವನ್ನು ಕೊಲೈಡರಿನವರು ಸಂಖ್ಯೆಯಲ್ಲಿಟ್ಟು ಹೇಳುತ್ತಾರೆ. ಇದೇ ಅವರ ನಿಷೇಧಸೀಮೆ. ಸೂಪರ್‌ಸಿಮೆಟ್ರಿ ಎಂಬ ಕಲ್ಪನೆಯಲ್ಲಿ ಬರುವ ಗ್ಲುಯಿನೋ ಎಂಬ ಕಣವು, ಸುಮಾರು ಎರಡು ಟೆರಾ ಎಲೆಕ್ಟ್ರಾನ್‌ವೋಲ್ಟಿನವರೆಗೆ, ಸರಳೀಕೃತವಾದ ಕೆಲವು ಊಹೆಗಳ ಮೇಲೆ, ಇಲ್ಲವೆಂದು ಸಿದ್ಧವಾಗಿದೆ. ಕೋಟ್ಯಂತರ ಸಂಘಟ್ಟನೆಗಳ ಬೆಳಕಿನಲ್ಲಿ ದೊರೆತ ಈ ‘ಇಲ್ಲ’ವು ಯೋಗ್ಯಾನುಪಲಬ್ಧಿ, ಅದು ಜ್ಞಾನ. ನನ್ನ ಆಕ್ಷೇಪವಿರುವುದು, ‘ಸರಳೀಕೃತವಾದ ಕೆಲವು ಊಹೆಗಳ ಮೇಲೆ’ ಎಂಬ ವಿಶೇಷಣವು ಮೂಲಲೇಖನದಿಂದ ಸಾರಾಂಶಕ್ಕೆ, ಸಾರಾಂಶದಿಂದ ಪತ್ರಿಕೆಗೆ ಬರುವಷ್ಟರಲ್ಲಿ ಉದುರಿಹೋಗುವುದರಲ್ಲಿ. ಆಮೇಲೆ ಉಳಿಯುವುದು ‘ಸೂಪರ್‌ಸಿಮೆಟ್ರಿ ಸತ್ತಿತು’ ಎಂಬ ಮಾತು. ವಿಶೇಷಣವನ್ನು ಬಿಟ್ಟ ನಿಷೇಧವು ಪಿಶಾಚನಿಷೇಧಕ್ಕೆ ಸಮ.

ಯೋಗ್ಯತೆಗೆ ಇನ್ನೊಂದು ಸಂಕಟವುಂಟು. ಸೆಕೆಂಡಿನ ೪ ಕೋಟಿ ಹಾಯ್ವಿಕೆಗಳಲ್ಲಿ ಪೂರ್ಣವಾಗಿ ದಾಖಲೆಯಾಗಿ ಉಳಿಯುವುದು ಸಾವಿರದ ಲೆಕ್ಕದಲ್ಲಿ ಮಾತ್ರ. ಮಿಕ್ಕುದನ್ನು ಟ್ರಿಗರ್ ಎಂಬ ವ್ಯವಸ್ಥೆಯು ಕ್ಷಣಾರ್ಧದಲ್ಲಿ ನೋಡಿ ಬಿಸಾಡುವುದು. ಯಾವುದನ್ನು ಉಳಿಸಬೇಕೆಂಬುದನ್ನು ನಿಶ್ಚಯಿಸುವುದು, ಹೊಸತು ಹೇಗಿರಬಹುದೆಂಬ ನಮ್ಮ ಹಳೆಯ ಊಹೆ. ಹುಟ್ಟಿದ ಕೂಡಲೆ ಒಡೆಯದೆ ಮಾರುದೂರ ಹೋಗಿ ಒಡೆಯುವ ಕಣವಿದ್ದರೆ, ಅದು ಬಿಸಾಡಿದ ರಾಶಿಯಲ್ಲಿ ಹೋಗಿರಬಹುದು. ಜಲ್ಲೆಯ ಕಣ್ಣಿಗಿಂತ ಸಣ್ಣದಾದ ಕಾಳು ಧಾನ್ಯದಲ್ಲಿಲ್ಲವೆಂದು ಜಲ್ಲೆಯನ್ನು ನೋಡಿ ಹೇಳಲಾಗದು. ಈ ಸಂಕಟವನ್ನು ಅವರು ಅರಿತಿದ್ದಾರೆ. ಸಂಕ್ಷಿಪ್ತರೂಪದಲ್ಲಿ ಹೆಚ್ಚು ಘಟನೆಗಳನ್ನು ಉಳಿಸುವ ಕ್ರಮವನ್ನೂ, ದೀರ್ಘಜೀವಿಗಳಾದ ಕಣಗಳಿಗೆ ಬೇರೆ ಜಲ್ಲೆಯನ್ನೂ ಏರ್ಪಡಿಸಿದ್ದಾರೆ.

ಇತ್ತೀಚಿನ ವರ್ಷಗಳಲ್ಲಿ, ಸಾಧ್ಯವನ್ನೇ ಹೆಸರಿಸದೆ, ಸಾಮಾನ್ಯಕ್ಕಿಂತ ಭಿನ್ನವಾದುದನ್ನೆಲ್ಲ ಎತ್ತಿತೋರಿಸುವಂತೆ ಗಣಕಯಂತ್ರಗಳಿಗೆ ಕಲಿಸುವ ಪ್ರಯತ್ನವು ನಡೆದಿದೆ. ಊಹೆಯ ಸಂಕೋಚದಿಂದ ಬಿಡುಗಡೆಯಾಗುವುದು ಇದರ ಗುಣ. ಆದರೆ ಸಾಧ್ಯವನ್ನು ನಿರ್ದೇಶಿಸದ ಅನುಮಾನದಲ್ಲಿ ನೋಡಿದ ಎಡೆಗಳನ್ನು ಎಣಿಸುವುದೇ ಕಷ್ಟ. ಘುಣಾಕ್ಷರವು ಇಲ್ಲಿ ಹಿಂಬಾಗಿಲಿನಿಂದ ಬರಬಹುದು. ೨೦೨೦ರಲ್ಲಿ ಇಂಥ ವಿಧಾನಗಳ ಪರೀಕ್ಷೆಗಾಗಿ ಎಲ್.ಎಚ್.ಸಿ. ಒಲಿಂಪಿಕ್ಸ್ ಎಂಬ ಸ್ಪರ್ಧೆ ನಡೆಯಿತು. ಅದರಲ್ಲಿ ಕೃತಕ ದತ್ತಾಂಶದ ಮೂರು ಮುಚ್ಚಿದ ಪೆಟ್ಟಿಗೆಗಳನ್ನು ಕೊಟ್ಟರು. ಅವುಗಳಲ್ಲಿ ಒಂದರೊಳಗೆ ಯಾವ ಹೊಸ ಸಂಕೇತವನ್ನೂ ಇಟ್ಟಿರಲಿಲ್ಲ. ಇದು ನನಗೆ ಬಹಳ ಮೆಚ್ಚಿಗೆಯಾಯಿತು. ಅಭಾವವನ್ನು ಅಭಾವವೆಂದು ಹೇಳಬಲ್ಲುದೇ ಎಂಬುದೇ ಅನ್ವೇಷಣವಿಧಾನದ ನಿಜವಾದ ಪರೀಕ್ಷೆ. ನಮ್ಮ ಪ್ರಾಚ್ಯಸಂಶೋಧನಮಂದಿರಗಳಲ್ಲಿ ವಿದ್ಯಾರ್ಥಿಗಳಿಗೆ ಓಲೆಗರಿಯನ್ನು ಓದಲು ಕಲಿಸುವಾಗ, ಹುಳು ಕೊರೆದುದಲ್ಲದೆ ಬರಹವೇ ಇಲ್ಲದ ಒಂದು ಗರಿಯನ್ನೂ ನಡುವೆ ಸೇರಿಸುವುದು ಒಳ್ಳೆಯದೆಂದು ಸೂಚಿಸುತ್ತೇನೆ.

ಸುಮಾರು ೨೦೩೦ರ ಹೊತ್ತಿಗೆ ಇದೇ ಸುರಂಗದಲ್ಲಿ ಸಂಘಟ್ಟನೆಗಳ ಸಂಖ್ಯೆಯನ್ನು ಬಹಳವಾಗಿ ಹೆಚ್ಚಿಸುವ ಯೋಜನೆಯಿದೆ. ಆಗ ಇನ್ನೂ ಹೆಚ್ಚು ದಿಬ್ಬಗಳು ಏಳುವುವು, ಇನ್ನೂ ಹೆಚ್ಚು ಕರಗುವುವು. ವಾರ್ತೆಯನ್ನು ಕೇಳುವ ನಮ್ಮಂಥವರು ಮೂರು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಎಷ್ಟೆಡೆ ನೋಡಿ ಇದನ್ನು ಕಂಡಿರಿ? ಕಂಡುದು ಹೊಗೆಯೇ ಎಂದು ಹೇಗೆ ತಿಳಿದಿರಿ? ಬೇರೊಬ್ಬರು ಬೇರೊಂದು ಬಗೆಯಲ್ಲಿ ಕಂಡರೆ? ಇಲ್ಲವೆಂದು ಹೇಳುವವರಿಗೆ ನಾಲ್ಕನೆಯದೊಂದು: ಇದ್ದಿದ್ದರೆ ಕಾಣುತ್ತಿತ್ತೆ? ನನ್ನ ವಿದ್ಯಾರ್ಥಿಯು ಈಗ ಎಲ್ಲಿದ್ದಾನೆಂದು ತಿಳಿಯದು. ಈ ಪುಟಗಳು ಅವನ ಕಣ್ಣಿಗೆ ಬಿದ್ದರೆ, ‘ಆ ದಿನ ಬೆಟ್ಟದ ಮೇಲಣ ಹೇತುವು ಸವ್ಯಭಿಚಾರವಪ್ಪಾ, ತರಗತಿಯಲ್ಲಿದ್ದ ದೋಷವು ಮಾತ್ರ ಸಂಶಯವನ್ನು ನಿರ್ಣಯವೆಂದು ಹೇಳಿದ ನಿನ್ನ ಗುರುವಿನದು’ ಎಂದು ಓದಿಕೊಳ್ಳಲಿ.